ಗಡಿ ದಾಟಿದ ಪ್ರತಿ ಮೈಲಿಗೂ ಒಂದು ಸಾಲು

(ದಾವಣಗೆರೆಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮಪ್ಪ ಲಾರಿ ಓಡಿಸುತ್ತಿದ್ದರು. ಹುಬ್ಬಳ್ಳಿಯಿಂದ ಪುಣೆಗೆ ಹೊರಟರೆ ನಿಪ್ಪಾಣಿ ಹತ್ತಿರದ ಕೊಗನೊಳಿ ಚೆಕ್‌ಪೋಸ್ಟಿನ ಸಾಲಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೋ ಅವರಿಗೇ ಗೊತ್ತಿರುತ್ತಿರಲಿಲ್ಲ. ಸೀಟಿನ ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಒಂದಿರುತ್ತಿತ್ತು. ಡೀಸೆಲ್ಲಿಗೆ ಎಷ್ಟು, ಬತ್ತಾ ಎಷ್ಟು, ಪಂಕ್ಚರಿಗೆ ಎಷ್ಟು, ಎಲ್ಲ ಅದರಲ್ಲಿ. ನಾನು ಬಿ.ಕಾಂ. ಓದಿ, ಮದುವೆಯಾಗಿ ಅಮೆರಿಕದ ಒಹಾಯೊ ರಾಜ್ಯಕ್ಕೆ ಹೋದೆ. ಅಲ್ಲಿ ನನಗೆ ಸಿಕ್ಕಿದ ಕೆಲಸವೂ ಲಾರಿ ಲೆಕ್ಕದ್ದೇ. ಒಂದೋ ಎರಡೋ ಟ್ರಕ್ ಇಟ್ಟುಕೊಂಡ ಸಣ್ಣ ಮಾಲೀಕರ ಇಂಧನ ತೆರಿಗೆ ರಿಟರ್ನ್ ತಯಾರಿಸುವುದು ನನ್ನ ದಿನನಿತ್ಯದ ಕೆಲಸ. ಈಗ ಈ ಕೆಲಸದಲ್ಲಿ ಬಹಳಷ್ಟು ಭಾರತದಲ್ಲೇ ಕೂತು ನಡೆಯುತ್ತಿದೆ. ನಿಮ್ಮಲ್ಲಿ ಕೆಲವರ ಕೈಗೆ ನಾಳೆ ಇದೇ ಕಾಗದಗಳು ಬರಬಹುದು. ಆ ಕಾಗದದ ಆಚೆ ಒಬ್ಬ ಡ್ರೈವರ್ ಇದ್ದಾನೆ, ಅವನ ಮನೆಯ ಖರ್ಚಿದೆ. ಆದ್ದರಿಂದಲೇ ಈ ವಿಷಯ ಹಿಡಿದು ಬಂದೆ.

ಮೊದಲು ಮೂಲಕ್ಕೆ ಹೋಗೋಣ. ನಮ್ಮಲ್ಲಿ ಡೀಸೆಲ್ ಎಲ್ಲಿ ಹಾಕಿಸುತ್ತೀರೋ ಆ ರಾಜ್ಯಕ್ಕೆ ತೆರಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. 2017ರಲ್ಲಿ ಜಿಎಸ್‌ಟಿ ಬಂದು ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಹೋದರೂ ಡೀಸೆಲ್ ಮಾತ್ರ ಜಿಎಸ್‌ಟಿಯ ಹೊರಗೇ ಉಳಿಯಿತು. ಹಾಗಾಗಿ ಕಾಸರಗೋಡಿನ ಕಡೆಯವರು ತಲಪಾಡಿ ದಾಟಿ ಈಚೆ ಬಂದು ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಯಾರೂ ಆಮೇಲೆ ಲೆಕ್ಕ ಕೇಳುವುದಿಲ್ಲ. ಅಮೆರಿಕದಲ್ಲಿ ದೊಡ್ಡ ಟ್ರಕ್ಕಿಗೆ ಕೇಳುತ್ತಾರೆ. ಡೀಸೆಲ್ ಎಲ್ಲಿ ತುಂಬಿಸಿದಿರಿ ಅನ್ನುವುದಕ್ಕಿಂತ ಎಲ್ಲಿ ಉರಿಸಿದಿರಿ ಅನ್ನುವುದು ಅಲ್ಲಿ ಮುಖ್ಯ. ಯಾರ ರಸ್ತೆ ಸವೆಯಿತೋ ಅವರಿಗೆ ತೆರಿಗೆ ಸೇರಬೇಕು.

ಈ ನ್ಯಾಯವನ್ನು ಜಾರಿಗೆ ತರುವುದು ಒಂದು ಕಾಲದಲ್ಲಿ ಡ್ರೈವರುಗಳ ಪ್ರಾಣ ಹಿಂಡುತ್ತಿತ್ತು. ಪ್ರತಿ ರಾಜ್ಯಕ್ಕೂ ಬೇರೆ ಪರ್ಮಿಟ್, ಬೇರೆ ಅರ್ಜಿ, ಬೇರೆ ರಿಟರ್ನ್. ಹತ್ತು ರಾಜ್ಯ ಸುತ್ತುವವನು ಹತ್ತು ಕಡೆ ಲೆಕ್ಕ ಒಪ್ಪಿಸಬೇಕು. 1983ರಲ್ಲಿ ಅರಿಜೋನಾ, ಅಯೋವಾ, ವಾಷಿಂಗ್ಟನ್ ರಾಜ್ಯಗಳು ಸೇರಿ ಒಂದು ಒಪ್ಪಂದ ಶುರುಮಾಡಿದವು. ಅದೇ ಇಂಟರ್‌ನ್ಯಾಷನಲ್ ಫ್ಯೂಯೆಲ್ ಟ್ಯಾಕ್ಸ್ ಅಗ್ರಿಮೆಂಟ್. ಟ್ರಕ್ಕಿನವರ ಬಾಯಲ್ಲಿ ಅದು ಇಫ್ಟಾ. 1991ರ ಕೇಂದ್ರ ಕಾನೂನು ಉಳಿದ ರಾಜ್ಯಗಳೂ 1996ರ ಸೆಪ್ಟೆಂಬರ್ 30ರೊಳಗೆ ಸೇರುವಂತೆ ಮಾಡಿತು. ಈಗ ಅಲಾಸ್ಕಾ ಮತ್ತು ಹವಾಯಿ ಬಿಟ್ಟು 48 ರಾಜ್ಯಗಳು, ಕೆನಡಾದ 10 ಪ್ರಾಂತ್ಯಗಳು ಇದರೊಳಗಿವೆ. ಮಾಲೀಕ ತನ್ನ ಊರಿರುವ ರಾಜ್ಯಕ್ಕೆ ಮೂರು ತಿಂಗಳಿಗೊಮ್ಮೆ ಒಂದೇ ರಿಟರ್ನ್ ಕೊಡುತ್ತಾನೆ, ಒಂದೇ ಮೊತ್ತ ಕಟ್ಟುತ್ತಾನೆ ಅಥವಾ ವಾಪಸ್ ಪಡೆಯುತ್ತಾನೆ. ರಾಜ್ಯಗಳು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ಸರ್ಕಾರಿ ಲೆಕ್ಕದ ಜಗತ್ತಿನಲ್ಲಿ ಇಷ್ಟು ಚೆನ್ನಾಗಿ ಕೂಡಿಬಂದ ಏರ್ಪಾಡು ಅಪರೂಪ ಅಂತ ನಾನು ಮನಸಾರೆ ನಂಬಿದ್ದೇನೆ.

ಯಾವ ಗಾಡಿಗೆ ಅನ್ವಯಿಸುತ್ತದೆ? ಎರಡು ಆಕ್ಸಲ್ ಇದ್ದು ತೂಕ 26,000 ಪೌಂಡ್ ಮೀರಿದ್ದರೆ, ಅಂದರೆ 11,797 ಕಿಲೋ ಮೀರಿದ್ದರೆ; ಮೂರು ಅಥವಾ ಹೆಚ್ಚು ಆಕ್ಸಲ್ ಇದ್ದರೆ ತೂಕ ಎಷ್ಟೇ ಇರಲಿ; ಟ್ರೇಲರ್ ಸೇರಿ 26,000 ಪೌಂಡ್ ದಾಟಿದರೂ ಸರಿ. ಕ್ಯಾಬಿನ ಎರಡೂ ಬದಿಗೆ ಒಂದೊಂದು ಸ್ಟಿಕ್ಕರ್, ಒಳಗೆ ಲೈಸೆನ್ಸಿನ ಪ್ರತಿ. ರಿಟರ್ನಿಗೆ ಕೊನೆಯ ದಿನಗಳು ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31. ತಡವಾದರೆ 50 ಡಾಲರ್ ಅಥವಾ ಕಟ್ಟಬೇಕಾದ ತೆರಿಗೆಯ ಶೇ. 10, ಯಾವುದು ಹೆಚ್ಚೋ ಅಷ್ಟು ದಂಡ, ಮೇಲೆ ಬಡ್ಡಿ. ಗಾಡಿ ಮೂರು ತಿಂಗಳು ಶೆಡ್ಡಿನಲ್ಲೇ ನಿಂತಿದ್ದರೂ ಸೊನ್ನೆ ತೋರಿಸಿ ರಿಟರ್ನ್ ಕೊಡಲೇಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಬೋರ್ಡಿನ ಮೇಲೆ ಬರೆಯುತ್ತೇನೆ, ನೀವೂ ಬರೆದುಕೊಳ್ಳಿ.

ಒಂದು ಟ್ರಕ್ ಮೂರು ತಿಂಗಳಲ್ಲಿ 12,000 ಮೈಲಿ ಓಡಿತು ಅನ್ನಿ. ಯಂಗ್ಸ್‌ಟೌನ್ ಬಳಿ ಹಾಯುವ ಐ-80 ಹೆದ್ದಾರಿಯಲ್ಲಿ ಅರ್ಧ ಒಹಾಯೊದೊಳಗೆ, ಅರ್ಧ ಪೆನ್ಸಿಲ್ವೇನಿಯಾದೊಳಗೆ, ತಲಾ 6,000 ಮೈಲಿ. ಹಾಕಿಸಿದ ಡೀಸೆಲ್ ಒಟ್ಟು 2,000 ಗ್ಯಾಲನ್. ಮೈಲೇಜ್ 6 ಬಂತು, ಅಂದರೆ ಗ್ಯಾಲನ್ನಿಗೆ 6 ಮೈಲಿ. ಹಾಗಾದರೆ ಒಂದೊಂದು ರಾಜ್ಯದಲ್ಲಿ ಉರಿದದ್ದು 1,000 ಗ್ಯಾಲನ್. ಆದರೆ ಒಹಾಯೊದಲ್ಲಿ ಡೀಸೆಲ್ ತೆರಿಗೆ ಗ್ಯಾಲನ್ನಿಗೆ 47 ಸೆಂಟ್, ಪೆನ್ಸಿಲ್ವೇನಿಯಾದಲ್ಲಿ 2024ರಲ್ಲಿ 74.1 ಸೆಂಟ್. ಡ್ರೈವರ್ 1,600 ಗ್ಯಾಲನ್ ಒಹಾಯೊದಲ್ಲೇ ಹಾಕಿಸಿದ, ಪೆನ್ಸಿಲ್ವೇನಿಯಾದಲ್ಲಿ ಬರೀ 400. ಒಹಾಯೊಗೆ 600 ಗ್ಯಾಲನ್ನಿನ ತೆರಿಗೆ ಹೆಚ್ಚು ಹೋಗಿದೆ, 282 ಡಾಲರ್ ಜಮಾ. ಪೆನ್ಸಿಲ್ವೇನಿಯಾಗೆ 600 ಗ್ಯಾಲನ್ನಿನದು ಕಮ್ಮಿ, 444 ಡಾಲರ್ 60 ಸೆಂಟ್ ಬಾಕಿ. ಒಂದರಿಂದ ಒಂದು ಕಳೆದರೆ ಕಟ್ಟಬೇಕಾದ್ದು 162 ಡಾಲರ್ 60 ಸೆಂಟ್. ಸರಿಯೇ?

ಈಗ ಇದೇ ಟ್ರಕ್, ಇದೇ ರಸ್ತೆ, ಇದೇ ಡೀಸೆಲ್. ಮೈಲಿ ದಾಖಲೆ ಮಾತ್ರ ಸರಿಯಿಲ್ಲ. ಲೆಕ್ಕ ತಪಾಸಣೆ ಮಾಡುವ ರಾಜ್ಯದ ಆಡಿಟರ್ ನಂಬುವುದಿಲ್ಲ. ಆಗ ಅವರಿಗೆ ನಿಯಮ ಎರಡು ದಾರಿ ಕೊಟ್ಟಿದೆ. ನೀವು ತೋರಿಸಿದ ಮೈಲೇಜನ್ನು ಶೇ. 20 ಇಳಿಸಬಹುದು, ಇಲ್ಲವೇ ನೇರ 4ಕ್ಕೆ ತರಬಹುದು. 4 ಅಂತ ಹಿಡಿದರೆ 12,000 ಮೈಲಿಗೆ ಉರಿದದ್ದು 3,000 ಗ್ಯಾಲನ್ ಆಯಿತು, ತಲಾ 1,500. ಒಹಾಯೊದ ಜಮಾ 100 ಗ್ಯಾಲನ್ನಿಗೆ ಇಳಿದು 47 ಡಾಲರ್ ಆಗುತ್ತದೆ. ಪೆನ್ಸಿಲ್ವೇನಿಯಾದ ಬಾಕಿ 1,100 ಗ್ಯಾಲನ್ನಿಗೆ ಏರಿ 815 ಡಾಲರ್ 10 ಸೆಂಟ್. ಕಟ್ಟಬೇಕಾದ್ದು 768 ಡಾಲರ್ 10 ಸೆಂಟ್. ಇದರ ಮೇಲೆ ಡೀಸೆಲ್ ರಸೀದಿಗಳೂ ಇಲ್ಲ ಅನ್ನಿ. ಪಂಪಿನಲ್ಲಿ ಆಗಲೇ ಕಟ್ಟಿದ ತೆರಿಗೆಗೆ ಬೆಲೆಯೇ ಇಲ್ಲ. 1,500 ಗ್ಯಾಲನ್ ಒಹಾಯೊಗೆ, 1,500 ಪೆನ್ಸಿಲ್ವೇನಿಯಾಗೆ ಪೂರ್ತಿ ಕಟ್ಟಬೇಕು: 1,816 ಡಾಲರ್ 50 ಸೆಂಟ್. ಇದು ಒಂದು ಟ್ರಕ್ಕಿನ ಒಂದು ತ್ರೈಮಾಸಿಕದ ಲೆಕ್ಕ.

162 ಎಲ್ಲಿ, 1,816 ಎಲ್ಲಿ. ಗಾಡಿ ಓಡಿದ್ದು ಅಷ್ಟೇ, ಎಂಜಿನ್ ಕುಡಿದದ್ದು ಅಷ್ಟೇ. ವ್ಯತ್ಯಾಸ ಪೂರ್ತಿ ಕಾಗದದ್ದು.

ಹಾಗಾದರೆ ಕಾಗದದಲ್ಲಿ ಏನಿರಬೇಕು? ಟ್ರಿಪ್ ಹೊರಟ ದಿನ, ಮುಗಿದ ದಿನ. ಎಲ್ಲಿಂದ ಎಲ್ಲಿಗೆ. ಯಾವ ಯಾವ ಹೆದ್ದಾರಿ. ಹೊರಟಾಗಿನ ಓಡೋಮೀಟರ್ ರೀಡಿಂಗ್, ಮುಟ್ಟಿದಾಗಿನ ರೀಡಿಂಗ್. ಒಟ್ಟು ಮೈಲಿ. ಒಂದೊಂದು ರಾಜ್ಯದೊಳಗಿನ ಮೈಲಿ. ಗಾಡಿ ನಂಬರ್. ಇಷ್ಟೇ. ನಮ್ಮಪ್ಪನ ಪುಸ್ತಕದಲ್ಲಿ ಇದರಲ್ಲಿ ಮುಕ್ಕಾಲು ಭಾಗ ಆಗಲೇ ಇತ್ತು.

ನೀವು ವಾಣಿಜ್ಯ ಓದುವವರು, ನಿಮಗೆ ಬೇಗ ಅರ್ಥವಾಗುವಂತೆ ಹೇಳುತ್ತೇನೆ. ನಗದು ಪುಸ್ತಕದಲ್ಲಿ ನಿನ್ನೆಯ ಅಖೈರು ಶಿಲ್ಕೇ ಇವತ್ತಿನ ಆರಂಭ ಶಿಲ್ಕು. ಓಡೋಮೀಟರಿಗೂ ಅದೇ ನಿಯಮ. ಸೋಮವಾರದ ಟ್ರಿಪ್ 4,18,350ಕ್ಕೆ ಮುಗಿದಿದ್ದರೆ ಬುಧವಾರದ ಟ್ರಿಪ್ 4,18,350ರಿಂದಲೇ ಶುರುವಾಗಬೇಕು. 4,18,412ರಿಂದ ಶುರುವಾದರೆ ಆ 62 ಮೈಲಿ ಎಲ್ಲಿ ಹೋಯಿತು? ಗ್ಯಾರೇಜಿಗೆ ಹೋಗಿರಬಹುದು, ಖಾಲಿ ಟ್ರೇಲರ್ ತರಲು ಹೋಗಿರಬಹುದು, ಡ್ರೈವರ್ ಮನೆಗೆ ಹೋಗಿ ಬಂದಿರಬಹುದು. ಲೋಡ್ ಇರಲಿ ಖಾಲಿ ಇರಲಿ, ಬಾಡಿಗೆ ಬರಲಿ ಬಾರದಿರಲಿ, ಚಕ್ರ ಉರುಳಿದ ಮೈಲಿಯೆಲ್ಲ ಲೆಕ್ಕಕ್ಕೆ ಸೇರಬೇಕು. ಬಹಳ ಜನ ಬಾಡಿಗೆ ಸಿಕ್ಕ ಮೈಲಿ ಮಾತ್ರ ಬರೆದು ಖಾಲಿ ಓಟ ಬಿಟ್ಟುಬಿಡುತ್ತಾರೆ. ಆಡಿಟರ್ ಮೊದಲು ಹುಡುಕುವ ತೂತು ಅದು.

ಮಾರ್ಚ್ 31ರ ರಾತ್ರಿ ಗಾಡಿ ದಾರಿಯಲ್ಲಿದ್ದರೆ ಆ ದಿನದ ರೀಡಿಂಗ್ ಬೇರೆ ಬರೆಯಿರಿ. ಒಂದೇ ಟ್ರಿಪ್ ಎರಡು ತ್ರೈಮಾಸಿಕಕ್ಕೆ ಒಡೆಯುತ್ತದೆ. ಮೀಟರ್ ಕೆಟ್ಟು ಬೇರೆ ಹಾಕಿಸಿದರೆ ಹಳೆಯದರ ಕೊನೆಯ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಎರಡನ್ನೂ ಗುರುತು ಹಾಕಿ, ರಿಪೇರಿ ಬಿಲ್ ಅದರ ಜೊತೆಗೇ ಪಿನ್ ಮಾಡಿ ಇಡಿ. ಇಲ್ಲದಿದ್ದರೆ ಮೂರು ವರ್ಷ ಬಿಟ್ಟು ನೋಡುವವರಿಗೆ ಲಕ್ಷಗಟ್ಟಲೆ ಮೈಲಿ ಗಾಳಿಯಲ್ಲಿ ಮಾಯವಾದಂತೆ ಕಾಣುತ್ತದೆ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿ ಕೇಳಿದ: “ಮೇಡಂ, ಈಗ ಎಲ್ಲ ಟ್ರಕ್ಕಿನಲ್ಲೂ ಜಿಪಿಎಸ್ ಇರುತ್ತಲ್ಲ, ಕೈಯಲ್ಲಿ ಯಾಕೆ ಬರೀಬೇಕು?”

ಒಳ್ಳೆಯ ಪ್ರಶ್ನೆ. ನಾನು ಇವತ್ತು ಮುಖ್ಯವಾಗಿ ಹೇಳಲು ಬಂದದ್ದೂ ಇದನ್ನೇ. 2017ರ ಡಿಸೆಂಬರಿನಿಂದ ಅಮೆರಿಕದಲ್ಲಿ ದೂರ ಓಡುವ ಬಹುತೇಕ ಟ್ರಕ್ಕುಗಳಿಗೆ ಎಲೆಕ್ಟ್ರಾನಿಕ್ ಲಾಗಿಂಗ್ ಡಿವೈಸ್, ಇಎಲ್‌ಡಿ, ಕಡ್ಡಾಯ. ಆದರೆ ಆ ಪೆಟ್ಟಿಗೆ ಹುಟ್ಟಿದ್ದು ಬೇರೆ ಕೆಲಸಕ್ಕೆ. ಡ್ರೈವರ್ ಎಷ್ಟು ಗಂಟೆ ಓಡಿಸಿದ, ಎಷ್ಟು ಹೊತ್ತು ವಿಶ್ರಾಂತಿ ತೆಗೆದುಕೊಂಡ ಎಂದು ನೋಡುವುದಕ್ಕೆ. ಗಾಡಿ ಓಡುತ್ತಿರುವಾಗ ಗಂಟೆಗೊಮ್ಮೆ ಜಾಗ ಗುರುತಿಸಿದರೆ ಸಾಕು ಎನ್ನುತ್ತದೆ ಆ ಕಾನೂನು.

ಈ ಗಂಟೆಗೊಮ್ಮೆ ಅನ್ನುವುದು ಏನು ಮಾಡುತ್ತದೆ ನೋಡಿ. ಒಹಾಯೊದ ಕೊಲಂಬಸ್ಸಿನಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿಗೆ ಐ-70 ಹಿಡಿದು ಹೋಗುತ್ತೇವೆ. ಒಹಾಯೊ ನದಿ ದಾಟಿದ ಕೂಡಲೇ ವೀಲಿಂಗ್ ಎಂಬ ಊರು. ಅದು ವೆಸ್ಟ್ ವರ್ಜೀನಿಯಾ ರಾಜ್ಯ. ಆ ರಾಜ್ಯದ ಒಂದು ಸಣ್ಣ ಬಾಲ ಎರಡು ದೊಡ್ಡ ರಾಜ್ಯಗಳ ನಡುವೆ ಮೇಲಕ್ಕೆ ಚಾಚಿಕೊಂಡಿದೆ. ಐ-70 ಅದರೊಳಗೆ ಹಾಯುವುದು ಬರೀ 14 ಮೈಲಿ ಚಿಲ್ಲರೆ. ನದಿ, ಒಂದು ಸುರಂಗ, ಗುಡ್ಡ ಏರಿ ಇಳಿಯುವ ರಸ್ತೆ, ಅಷ್ಟರಲ್ಲಿ ಪೆನ್ಸಿಲ್ವೇನಿಯಾದ ಸ್ವಾಗತ ಫಲಕ. ಕಾಲು ಗಂಟೆಯ ದಾರಿ. ಪೆಟ್ಟಿಗೆ ಒಮ್ಮೆ ಒಹಾಯೊದಲ್ಲಿ ಗುರುತು ಹಾಕಿ, ಮುಂದಿನ ಗುರುತು ಪೆನ್ಸಿಲ್ವೇನಿಯಾದಲ್ಲಿ ಹಾಕಿದರೆ ವೆಸ್ಟ್ ವರ್ಜೀನಿಯಾ ಎಂಬ ರಾಜ್ಯವೇ ಲೆಕ್ಕದಲ್ಲಿ ಇರುವುದಿಲ್ಲ.

14 ಮೈಲಿಗೆ ಉರಿಯುವುದು ಎರಡು ಗ್ಯಾಲನ್ನಿಗಿಂತ ಸ್ವಲ್ಪ ಹೆಚ್ಚು. ಅದರ ತೆರಿಗೆ ಯಾವ ಮಹಾ ಮೊತ್ತ ಅನ್ನಿಸಬಹುದು. ವಾರಕ್ಕೆ ಎರಡು ಸಲ ಹೋಗಿ ಬರುವ ಗಾಡಿಗೆ ಅದು 56 ಮೈಲಿ, 13 ವಾರಕ್ಕೆ 728 ಮೈಲಿ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಆಡಿಟರ್ ಭೂಪಟ ಬಲ್ಲವರು. ಕೊಲಂಬಸ್–ಪಿಟ್ಸ್‌ಬರ್ಗ್ ಟ್ರಿಪ್ಪಿನಲ್ಲಿ ವೆಸ್ಟ್ ವರ್ಜೀನಿಯಾದ ಸಾಲು ಕಾಣದಿದ್ದರೆ ಇಡೀ ಪುಸ್ತಕದ ಮೇಲೆ ಅವರಿಗೆ ಅನುಮಾನ ಹುಟ್ಟುತ್ತದೆ. ಒಂದೆರಡು ತ್ರೈಮಾಸಿಕ ತೆಗೆದು ನೋಡುತ್ತಾರೆ, ಅಲ್ಲಿ ಸಿಕ್ಕ ತಪ್ಪಿನ ಪ್ರಮಾಣವನ್ನು ಉಳಿದ ಅವಧಿಗೂ ಹಚ್ಚುತ್ತಾರೆ. ಇಂಥ ತುಂಡು ರಾಜ್ಯಗಳು ಇನ್ನೂ ಇವೆ. ಲಾಸ್ ವೇಗಸ್ಸಿನಿಂದ ಯೂಟಾ ಕಡೆಗೆ ಐ-15ರಲ್ಲಿ ಹೋಗುವಾಗ ಅರಿಜೋನಾದ ಮೂಲೆಯೊಂದು 29 ಮೈಲಿ ಅಡ್ಡ ಬರುತ್ತದೆ.

ಒಳ್ಳೆಯ ಜಿಪಿಎಸ್ ಸೇವೆಗಳು ಗಂಟೆಗಿಂತ ಎಷ್ಟೋ ಬೇಗ ಬೇಗ ಗುರುತು ಹಾಕುತ್ತವೆ, ಗಡಿ ದಾಟಿದ್ದನ್ನೂ ಹಿಡಿಯುತ್ತವೆ. ಅವುಗಳನ್ನು ಬಳಸಿ, ಬೇಡ ಅನ್ನುವುದಿಲ್ಲ. ನನಗೆ ಕಳಿಸುವವರಲ್ಲಿ ಮುಕ್ಕಾಲು ಜನ ಅದನ್ನೇ ಬಳಸುತ್ತಾರೆ. ಆದರೆ ಎರಡು ವಿಷಯ ಗಟ್ಟಿಯಾಗಿ ನೆನಪಿಡಿ. ಮೊದಲನೆಯದು, ಸಾರಾಂಶದ ಪಿಡಿಎಫ್ ಸಾಲದು. ಜಿಪಿಎಸ್ ದಾಖಲೆ ಸ್ಪ್ರೆಡ್‌ಶೀಟ್ ರೂಪದಲ್ಲಿ, ತಾರೀಖು, ಸಮಯ, ಜಾಗ, ಓಡೋಮೀಟರ್ ಸಮೇತ, ಆಡಿಟರ್ ತಾವೇ ಕೂಡಿ ಕಳೆದು ನೋಡುವಂತಿರಬೇಕು. ಚಿತ್ರದಂತೆ ಅಚ್ಚಾದ ಪುಟವನ್ನು ಒಪ್ಪುವುದಿಲ್ಲ. ಎರಡನೆಯದು ಕಾಲ. ಡ್ರೈವರಿನ ಗಂಟೆಗಳ ದಾಖಲೆಯನ್ನು 6 ತಿಂಗಳು ಇಟ್ಟರೆ ಆ ಕಾನೂನಿಗೆ ಸಾಕು. ಇಫ್ಟಾಕ್ಕೆ 4 ವರ್ಷ ಬೇಕು. ರಿಟರ್ನಿನ ಕೊನೆಯ ದಿನ, ಅಥವಾ ನಿಜವಾಗಿ ಸಲ್ಲಿಸಿದ ದಿನ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಂದ 4 ವರ್ಷ.

6 ತಿಂಗಳು ಮತ್ತು 4 ವರ್ಷದ ಈ ಕಂದಕದಲ್ಲಿ ನನ್ನ ಕಣ್ಣೆದುರೇ ಒಂದು ಕುಟುಂಬ ಬಿತ್ತು.

ಗಂಡ ಟ್ರಕ್ ಓಡಿಸುತ್ತಿದ್ದರು, ಹೆಂಡತಿ ಮನೆಯಿಂದ ಲೋಡ್ ಹುಡುಕಿ ಕಾಗದ ನೋಡುತ್ತಿದ್ದರು. ಒಂದೇ ಟ್ರಕ್. ಪ್ರಾಮಾಣಿಕರು, ಒಂದು ರಿಟರ್ನೂ ತಡ ಮಾಡಿದವರಲ್ಲ. ಇಎಲ್‌ಡಿ ಸೇವೆಗೆ ತಿಂಗಳ ಬಾಡಿಗೆ ಹೆಚ್ಚಾಯಿತೆಂದು ಬೇರೆ ಕಂಪನಿಗೆ ಬದಲಾಯಿಸಿಕೊಂಡರು. ಹಳೆಯ ಖಾತೆ ಮುಚ್ಚಿತು. ಅದಾಗಿ ಎರಡು ವರ್ಷಕ್ಕೆ ಆಡಿಟ್ ಪತ್ರ ಬಂತು. ಪ್ರತಿ ರಾಜ್ಯವೂ ತನ್ನಲ್ಲಿರುವ ಇಫ್ಟಾ ಖಾತೆಗಳಲ್ಲಿ ವರ್ಷಕ್ಕೆ ಸರಾಸರಿ ಶೇ. 3ರಷ್ಟನ್ನು ಆಡಿಟ್ ಮಾಡಬೇಕೆಂದಿದೆ, ಆ ಸರದಿ ಇವರಿಗೆ ಬಂತು. ಹಳೆಯ ಕಂಪನಿಗೆ ಫೋನ್ ಮಾಡಿದರೆ ದಾಖಲೆ ಅಳಿಸಿ ಆಗಿದೆ ಅಂದರು. ನಮ್ಮ ಹತ್ತಿರ ಉಳಿದದ್ದು ತ್ರೈಮಾಸಿಕಕ್ಕೊಂದು ಸಾರಾಂಶದ ಹಾಳೆ. ಖಾತೆ ಮುಚ್ಚುವ ಮೊದಲು ಪೂರ್ತಿ ದಾಖಲೆ ಇಳಿಸಿಕೊಳ್ಳಿ ಎಂದು ನಾನು ಆ ಅಮ್ಮನಿಗೆ ಹೇಳಿರಲಿಲ್ಲ. ಹೇಳಬೇಕಿತ್ತು. ಇವತ್ತಿಗೂ ಆ ಮಾತು ನನ್ನನ್ನು ಕಾಡುತ್ತದೆ.

ರಸೀದಿಗಳ ಕಥೆ ಇನ್ನೊಂದು. ಅವರು ಒಂದೂ ಬಿಸಾಡಿರಲಿಲ್ಲ. ತಿಂಗಳಿಗೊಂದು ಲಕೋಟೆ, ಮೇಲೆ ಪೆನ್ನಿನಲ್ಲಿ ಹೆಸರು. ಆದರೆ ಲಕೋಟೆಗಳು ಇದ್ದದ್ದು ಟ್ರಕ್ಕಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ. ಪಂಪಿನ ರಸೀದಿ ಬಿಸಿಗೆ ಅಚ್ಚಾಗುವ ಕಾಗದ, ಬಿಸಿಗೇ ಅಳಿಸಿಯೂ ಹೋಗುತ್ತದೆ. ಜುಲೈ ತಿಂಗಳ ಲಕೋಟೆ ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದರು. ಕೆಲವು ಪೂರ್ತಿ ಬಿಳಿ. ಕೆಲವು ಬೂದು ಬಣ್ಣಕ್ಕೆ ತಿರುಗಿ, ಓರೆಯಾಗಿ ಬೆಳಕಿಗೆ ಹಿಡಿದರೆ ಒಂದೆರಡು ಅಂಕಿ ಕಾಣುತ್ತಿತ್ತು. ಆ ಅಮ್ಮ ಒಂದೊಂದನ್ನೇ ಎತ್ತಿ ಕಿಟಕಿಗೆ ಹಿಡಿದು ನೋಡಿ, ಓದಲು ಬಂದದ್ದು ಒಂದು ಕಡೆ, ಬಾರದ್ದು ಒಂದು ಕಡೆ ಇಡುತ್ತಾ ಹೋದರು. ಬಾರದ್ದರ ರಾಶಿಯೇ ದೊಡ್ಡದಾಯಿತು. ಮಾಸಿದ ಅಂಕಿಯ ಮೇಲೆ ಪೆನ್ನಿನಿಂದ ತಿದ್ದಬಹುದೇ ಎಂದು ಕೇಳಿದರು. ಕೂಡದು. ತಿದ್ದಿದ ರಸೀದಿಯನ್ನು ಒಪ್ಪುವುದಿಲ್ಲ. ಕಾರ್ಡಿನಲ್ಲಿ ಹಾಕಿಸಿದ ಡೀಸೆಲ್ಲಿನ ವಿವರ ಕಾರ್ಡ್ ಕಂಪನಿಯಿಂದ ತರಿಸಿದೆವು, ಆ ಭಾಗ ಉಳಿಯಿತು. ನಗದು ಕೊಟ್ಟದ್ದೆಲ್ಲ ಹೋಯಿತು. ಮೈಲೇಜನ್ನು ಶೇ. 20 ಇಳಿಸಿದರು. ಆ ಚಳಿಗಾಲ ಅವರು ಹಬ್ಬದ ದಿನಗಳಲ್ಲೂ ಗಾಡಿ ನಿಲ್ಲಿಸಲಿಲ್ಲ.

ಅದಕ್ಕೇ ಹೇಳುವುದು, ರಸೀದಿ ಕೈಗೆ ಬಂದ ಕ್ಷಣ ಪಂಪಿನ ಹತ್ತಿರವೇ ಫೋಟೋ ತೆಗೆದು ಕಳಿಸಿ ಅಂತ. ತಾರೀಖು, ಪಂಪಿನ ಹೆಸರು ವಿಳಾಸ, ಎಷ್ಟು ಗ್ಯಾಲನ್, ಯಾವ ಇಂಧನ, ದರ ಅಥವಾ ಮೊತ್ತ, ಗಾಡಿ ನಂಬರ್, ಕೊಂಡವರ ಹೆಸರು, ಇಷ್ಟೂ ಕಾಣಬೇಕು.

ಇನ್ನೊಂದು ಜಾಗದಲ್ಲಿ ಹೊಸಬರು ಎಡವುತ್ತಾರೆ. ತಣ್ಣನೆಯ ಸರಕು ಸಾಗಿಸುವ ಟ್ರೇಲರಿಗೆ ಬೇರೆ ಎಂಜಿನ್, ಬೇರೆ ಟ್ಯಾಂಕ್ ಇರುತ್ತದೆ. ರೀಫರ್ ಅನ್ನುತ್ತಾರೆ. ಅದರ ಡೀಸೆಲ್ ಚಕ್ರ ಉರುಳಿಸುವುದಿಲ್ಲ, ಆದ್ದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. ಹೊಗೆ ಶುದ್ಧ ಮಾಡಲು ಹಾಕುವ ಡೆಫ್ ದ್ರವವೂ ಇಂಧನವಲ್ಲ. ಟ್ರಕ್ಕಿನ ಡೀಸೆಲ್, ರೀಫರ್ ಡೀಸೆಲ್, ಡೆಫ್ ಮೂರೂ ಒಂದೇ ರಸೀದಿಯಲ್ಲಿ ಬಂದಿರುತ್ತವೆ. ಕೆಳಗಿನ ಒಟ್ಟು ಗ್ಯಾಲನ್ ನೋಡಿ ಎತ್ತಿ ಬರೆದರೆ ಮೈಲೇಜ್ ಸುಳ್ಳೇ ಕುಸಿಯುತ್ತದೆ, ಪ್ರತಿ ರಾಜ್ಯದಲ್ಲೂ ಉರಿಯದ ಇಂಧನಕ್ಕೆ ತೆರಿಗೆ ಲೆಕ್ಕವಾಗುತ್ತದೆ. ಸಾಲು ಸಾಲಾಗಿ ಓದಿ.

ಆರೆಗನ್ ಬಗ್ಗೆ ಒಂದು ಮಾತು. ಆ ರಾಜ್ಯ ಭಾರದ ಟ್ರಕ್ಕುಗಳಿಂದ ಡೀಸೆಲ್ ತೆರಿಗೆ ಬದಲು ತೂಕ ಮತ್ತು ಮೈಲಿ ನೋಡಿ ಬೇರೆ ತೆರಿಗೆ ಪಡೆಯುತ್ತದೆ. ಇಫ್ಟಾ ಹಾಳೆಯಲ್ಲಿ ಅದರ ದರ ಸೊನ್ನೆ. ದರ ಸೊನ್ನೆಯೆಂದು ಮೈಲಿ ಬಿಡಬೇಡಿ, ಮೈಲೇಜಿನ ಲೆಕ್ಕಕ್ಕೆ ಆ ಮೈಲಿಗಳೂ ಬೇಕು.

ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: “ಡ್ರೈವರ್ ಒಂದು ದಿನ ರೀಡಿಂಗ್ ಬರೆಯೋದು ಮರೆತರೆ ನಾವೇ ಮ್ಯಾಪ್ ನೋಡಿ ತುಂಬಿಸಬಹುದಾ?”

ಮಾಡಬೇಡ ತಾಯಿ. ಮೊದಲು ಡ್ರೈವರಿಗೆ ಫೋನ್ ಮಾಡು. ಹಿಂದಿನ ರೀಡಿಂಗ್, ಮುಂದಿನ ರೀಡಿಂಗ್, ಲೋಡಿನ ಕಾಗದ, ಟೋಲ್ ರಸೀದಿ, ಡೀಸೆಲ್ ರಸೀದಿ ಎಲ್ಲ ಜೋಡಿಸಿ ನೋಡು. ಅವುಗಳಿಂದ ಕಂಡುಕೊಂಡದ್ದನ್ನು ಬರೆದರೆ, ಯಾವುದರಿಂದ ಕಂಡುಕೊಂಡೆ ಅನ್ನುವುದನ್ನೂ ಪಕ್ಕದಲ್ಲಿ ಬರೆ. ಊಹಿಸಿದ್ದನ್ನು ಓಡೋಮೀಟರ್ ಕಾಲಂನಲ್ಲಿ ನಿಜದಂತೆ ಕೂರಿಸಿದರೆ, ಪಕ್ಕದ ನೂರು ನಿಜವಾದ ಸಾಲುಗಳ ಮರ್ಯಾದೆಯನ್ನೂ ನೀನೇ ಕಳೆದಂತೆ.

ಈಗ ಹಾಳೆ ಹಂಚುತ್ತೇನೆ. ಖಾಲಿ ಟ್ರಿಪ್ ಶೀಟ್, ಜೊತೆಗೊಂದು ಭೂಪಟ. ಗಾಡಿ ಕೊಲಂಬಸ್ಸಿನಿಂದ ಲೋಡ್ ತುಂಬಿ ಹೊರಟು, ಪಿಟ್ಸ್‌ಬರ್ಗಿನಲ್ಲಿ ಇಳಿಸಿ, ಖಾಲಿಯಾಗಿ ಅದೇ ದಾರಿಯಲ್ಲಿ ವಾಪಸ್ ಬಂದಿದೆ. ಹೊರಟದ್ದು ಜೂನ್ 30ರ ಸಂಜೆ, ಮರಳಿದ್ದು ಜುಲೈ 1ರ ಮಧ್ಯಾಹ್ನ. ಗಡಿ ಫಲಕಗಳ ಹತ್ತಿರದ ರೀಡಿಂಗುಗಳನ್ನು ಡ್ರೈವರ್ ಫೋನಿನಲ್ಲಿ ಕಳಿಸಿದ್ದಾನೆ, ಹಾಳೆಯ ಹಿಂದೆ ಅಚ್ಚು ಮಾಡಿದ್ದೇನೆ. ಮೈಲಿ ಕೂಡಿಸುವುದಕ್ಕೆ ಮುಂಚೆ ಎಷ್ಟು ಸಾಲು ಬೇಕಾಗುತ್ತದೆ ಅಂತ ಎಣಿಸಿಕೊಳ್ಳಿ. ಇಪ್ಪತ್ತು ನಿಮಿಷ ಇದೆ. ಕ್ಯಾಲ್ಕ್ಯುಲೇಟರ್ ಬಳಸಬಹುದು.